ಹೊಸ ಜಾಲತಾಣಕ್ಕೆ ಹೋಸ್ಟಿಂಗ್ ಸೇವೆ: ಬಳಸಿ ಕಂಡದ್ದು

ನನ್ನ ಹೊಸ ಜಾಲತಾಣಕ್ಕಾಗಿ ಮೊದಲು ಆರಿಸಿಕೊಂಡ ಹೋಸ್ಟಿಂಗ್ ಸೇವೆಯು (ತಾಣದ ಕಡತಗಳನ್ನು ತನ್ನ ಸರ್ವರಿನಲ್ಲಿಟ್ಟು ಅಂತರ್ಜಾಲದಲ್ಲಿ ಸಿಗುವಂತೆ ಮಾಡುವ ಸೇವೆ) 'ಅನಿಯಮಿತ ಸ್ಥಳಾವಕಾಶ'ವನ್ನು ದಪ್ಪಕ್ಷರಗಳಲ್ಲಿ ಸಾರಿತ್ತು. ಕಡತಗಳ ಸಂಖ್ಯೆಗೂ ಪ್ರೊಸೆಸರ್ ಬಳಕೆಗೂ ಮಿತಿಯಿದೆ ಎಂಬುದು ಮಾತ್ರ ಷರತ್ತುಗಳ ಪುಟದ ತಳದಲ್ಲಿ ಅಡಗಿತ್ತು. ಒಂದೇ ಸರ್ವರನ್ನು ಹಲವು ತಾಣಗಳು ಹಂಚಿಕೊಳ್ಳುವಾಗ ಮಿತಿ ಇರುವುದು ಸಹಜ. ಅದನ್ನು ಮರೆಮಾಚುವುದು ಸರಿಯಲ್ಲ.

ಶೇ. 99.9ರಷ್ಟು ಲಭ್ಯತೆಯ ಭರವಸೆಯನ್ನೂ ಲೆಕ್ಕ ಹಾಕಿಯೇ ನೋಡಬೇಕು. ಆ ಭರವಸೆ ಪೂರ್ತಿ ಈಡೇರಿದರೂ ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ ತಾಣವು ಸ್ಥಗಿತಗೊಂಡಿರಬಹುದು. ಅದಕ್ಕೂ ಮೀರಿದರೆ ಸಾಮಾನ್ಯವಾಗಿ ಸಿಗುವ ಪರಿಹಾರವೆಂದರೆ ಮುಂದಿನ ಬಿಲ್ಲಿನಲ್ಲಿ ಅಲ್ಪ ಕಡಿತ.

ನನಗೆ ನಿಜವಾದ ಪೆಟ್ಟು ಬಿದ್ದದ್ದು ಬ್ಯಾಕಪ್ ವಿಷಯದಲ್ಲಿ. ಪ್ಲಗಿನ್ (ತಾಣಕ್ಕೆ ಸೇರಿಸುವ ಪೂರಕ ತಂತ್ರಾಂಶ) ಅಪ್‌ಡೇಟ್ ಒಂದರಿಂದ ಡೇಟಾಬೇಸ್ ಕೆಟ್ಟಾಗ, ಪ್ರತಿದಿನ ಬ್ಯಾಕಪ್ ತೆಗೆಯುತ್ತೇವೆ ಎಂದಿದ್ದ ಸಂಸ್ಥೆಯು ಅದನ್ನು ಮರುಸ್ಥಾಪಿಸಲು ಪ್ರತ್ಯೇಕ ಶುಲ್ಕ ಕೇಳಿತಲ್ಲದೆ, ಕೊನೆಗೆ ಕೊಟ್ಟದ್ದು ಹನ್ನೊಂದು ದಿನ ಹಳೆಯ ಪ್ರತಿಯನ್ನು. ಆದ್ದರಿಂದ ಸೇವೆಯನ್ನು ಕೊಂಡ ಮೊದಲ ವಾರದಲ್ಲೇ, ಹಣ ಹಿಂದಿರುಗಿಸುವ ಅವಧಿ ಮುಗಿಯುವ ಮುನ್ನ, ಪರೀಕ್ಷಾ ತಾಣವೊಂದನ್ನು ಬೇಕೆಂದೇ ಅಳಿಸಿ, ಅದು ಎಷ್ಟು ಹೊತ್ತಿನಲ್ಲಿ ಮರಳಿ ಬರುತ್ತದೆಂದು ನೋಡುವುದು ಒಳಿತು.

ತಾಣಕ್ಕೂ ಓದುಗರಿಗೂ ನಡುವಿನ ಸಂಪರ್ಕವನ್ನು ಸುರಕ್ಷಿತವಾಗಿಡಲು ಬೇಕಾದ ಎಸ್‌ಎಸ್‌ಎಲ್ ಪ್ರಮಾಣಪತ್ರಕ್ಕೆ ಹಣ ಕೇಳುವವರನ್ನು ನಾನಂತೂ ದೂರವಿಡುತ್ತೇನೆ, ಏಕೆಂದರೆ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸೇವೆ ಅದನ್ನು ಉಚಿತವಾಗಿಯೇ ನೀಡುತ್ತದೆ.

ಈಗಿನ ಸೇವೆಯ ಮೊದಲ ವರ್ಷದ ದರವು ಹಿಂದಿನದಕ್ಕಿಂತ ಹೆಚ್ಚಿದ್ದರೂ ನವೀಕರಣದ ದರವೂ ಅಷ್ಟೇ ಇದೆ, ಮತ್ತು ರಾತ್ರಿ ಬರೆದ ದೂರಿಗೂ ಸರ್ವರ್ ಲಾಗ್ (ಸರ್ವರಿನಲ್ಲಿ ನಡೆದದ್ದರ ದಾಖಲೆ) ಓದಿದ ಮನುಷ್ಯರೇ ಉತ್ತರಿಸುತ್ತಾರೆ. ಡೊಮೇನ್ ಹೆಸರನ್ನು (ತಾಣದ ವಿಳಾಸ) ಮಾತ್ರ ಬೇರೊಂದು ನೋಂದಣಿ ಸಂಸ್ಥೆಯ ಬಳಿ ಇಟ್ಟಿದ್ದೇನೆ.