ಕನ್ಸೆಷನ್ ಸೆಷನ್ ಮುಗಿದ ವಾರ ನಾನು ಕಳೆದುಕೊಂಡ 9,600 ರೂಪಾಯಿ

ಹತ್ತನೇ ಕೌನ್ಸೆಲಿಂಗ್ ಸೆಷನ್ ಮುಗಿಸಿ ಏಳುವಾಗ ಕೌನ್ಸೆಲರ್ ಮೇಡಂ ಕೇಳಿದರು, "ಇದು ಕೊನೇದು, ಗೊತ್ತಿದೆ ಅಲ್ವಾ?" ನನಗೆ ಗೊತ್ತಿರಲಿಲ್ಲ. ಮೊದಲ ದಿನ ಸಹಿ ಹಾಕಿದ ಫಾರಂನಲ್ಲಿ ಇತ್ತಂತೆ. ಆ ದಿನ ಫಾರಂ ಓದುವ ಸ್ಥಿತಿಯಲ್ಲಿ ಯಾರಿದ್ದರು?

ನಾನು ದಾವಣಗೆರೆಯ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ಸಂಬಳ 16,500. ಅಪ್ಪ ತೀರಿಕೊಂಡ ಮೇಲೆ ರಾತ್ರಿ ಎರಡಕ್ಕೆಲ್ಲ ಎದೆ ಡವಡವ ಅಂತ ಎದ್ದು ಕೂರುತ್ತಿದ್ದೆ. ಇಸಿಜಿಯಲ್ಲಿ ಏನೂ ಇರಲಿಲ್ಲ. ಮನೋವೈದ್ಯರು ಆತಂಕ, ಖಿನ್ನತೆಗೆ ಕೊಡುವ ಎಸ್ಸಿಟಲೋಪ್ರಾಮ್ ಮಾತ್ರೆ 10 ಮಿಲಿಗ್ರಾಂ ಬರೆದು, ಕೌನ್ಸೆಲಿಂಗ್ ಕೂಡ ಬೇಕು ಎಂದರು. ದಾನಿಗಳ ದುಡ್ಡಿನಲ್ಲಿ ನಡೆಯುವ ಒಂದು ಕಡೆ ಸೆಷನ್‌ಗೆ 150 ರೂಪಾಯಿಯಂತೆ ಹತ್ತು ಸಿಕ್ಕವು. ಹತ್ತರ ನಂತರ ಒಂದಕ್ಕೆ 1,000. ವಾರಕ್ಕೊಂದು ಅಂದರೆ ತಿಂಗಳಿಗೆ 4,000. ಮನೆ ಬಾಡಿಗೆಯೇ 5,000 ಇದೆ.

ಆ ಮೇಡಂ ಮೇಲೆ ನನಗೆ ಬೇಸರವಿಲ್ಲ, ಒಳ್ಳೆಯವರು. ಆದರೆ ಏಳನೇ ಸೆಷನ್‌ಗೇ "ಇನ್ನು ಮೂರು ಉಳಿದಿವೆ, ಮುಂದೆ ಎಲ್ಲಿಗೆ ಹೋಗ್ತೀರಿ" ಅಂತ ಒಂದು ಮಾತು ಕೇಳಬೇಕಿತ್ತು. ಹೇಳಿಕೊಂಡು ಹೇಳಿಕೊಂಡು ಈಗಷ್ಟೇ ಮನಸ್ಸು ಹಗುರವಾಗುತ್ತಿತ್ತು. ಅಷ್ಟರಲ್ಲಿ ಬಾಗಿಲು ಹಾಕಿದ ಹಾಗಾಯಿತು. ಜಯದೇವ ಸರ್ಕಲ್‌ವರೆಗೆ ಅಳುತ್ತಲೇ ನಡೆದೆ.

ಎಡವಿದ್ದು ಆ ವಾರವೇ. ಮೊಬೈಲ್‌ನಲ್ಲಿ ಒಂದು ಜಾಹೀರಾತು ಬಂತು. ಕನ್ನಡದಲ್ಲೇ ಮಾತಾಡುವ 'ಮೈಂಡ್ ಕೋಚ್'. 12 ಸೆಷನ್‌ಗೆ 9,600 ರೂಪಾಯಿ, ರಾತ್ರಿ 12ರೊಳಗೆ ಕಟ್ಟಿದರೆ ಮಾತ್ರ ಆ ರೇಟು. ಒಂದಕ್ಕೆ 800 ಬಿತ್ತಲ್ಲ, 1,000ಕ್ಕಿಂತ ಕಡಿಮೆಯೇ ಅಂತ ಲೆಕ್ಕ ಹಾಕಿದೆ. ಗಣಿತದ ಟೀಚರ್ ನಾನು! ಒಂದೇ ಸಲಕ್ಕೆ 9,600 ಹೋಗುತ್ತದೆ ಅನ್ನುವುದು ತಲೆಗೆ ಹೋಗಲಿಲ್ಲ. ಮುಂದಿನ ವಾರ ಯಾರೂ ಇರಲ್ಲ ಅನ್ನುವ ಭಯಕ್ಕೆ ಕಟ್ಟಿಬಿಟ್ಟೆ. ಫೋನ್‌ಪೇಯಲ್ಲಿ, ಅವರ ಸ್ವಂತ ಹೆಸರಿನ ಖಾತೆಗೆ. ರಸೀದಿ ಇಲ್ಲ, ಬಿಲ್ ಇಲ್ಲ.

ಮೊದಲ ಸೆಷನ್‌ನಲ್ಲಿ ಅವರು ತಮ್ಮ ಕಥೆಯನ್ನೇ ಹೇಳಿದರು. ಎರಡನೆಯದಕ್ಕೆ ವಿಡಿಯೋ ಲಿಂಕ್ ಒತ್ತಿದರೆ ಒಳಗೆ ಇನ್ನೂ 14 ಮಂದಿ! "ಗ್ರೂಪ್ ಹೀಲಿಂಗ್" ಅಂತೆ. ಎಲ್ಲರೂ ಹೆಸರು, ಊರು, ಕಷ್ಟ ಹೇಳಬೇಕು. ಆ ಚೌಕಗಳಲ್ಲಿ ಒಂದು ಮುಖ ನನ್ನ ಕ್ಲಾಸಿನ ಹುಡುಗನ ತಾಯಿಯದು. ನಾನು ಕ್ಯಾಮೆರಾ ಆಫ್ ಮಾಡಿದೆ. ಅವರೂ ಮಾಡಿದರು. ಆಮೇಲೆ ಪೇರೆಂಟ್ಸ್ ಮೀಟಿಂಗ್‌ನಲ್ಲಿ ಇಬ್ಬರೂ ಮಾರ್ಕ್ಸ್ ಕಾರ್ಡ್ ನೋಡಿಕೊಂಡೇ ಮಾತಾಡಿದೆವು.

ಇದಾದರೂ ನಾಚಿಕೆಯ ಮಾತು, ತಡೆದುಕೊಳ್ಳಬಹುದು. ಮಾತ್ರೆಯ ವಿಷಯ ಹಾಗಲ್ಲ. "ಮಾತ್ರೆ ಮೆದುಳನ್ನು ಮಂಕು ಮಾಡುತ್ತೆ, 21 ದಿನದಲ್ಲಿ ನಾನು ಸರಿ ಮಾಡ್ತೀನಿ, ಇವತ್ತೇ ಬಿಡಿ" ಎಂದರು ಕೋಚ್. ಬಿಟ್ಟೆ. ಮೂರನೇ ದಿನದಿಂದ ತಲೆ ತಿರುಗಿಸಿದರೆ ಸಾಕು, ಒಳಗೆ ಕರೆಂಟ್ ಹೊಡೆದಂತೆ. ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕು. ಕೆಟ್ಟ ಕೆಟ್ಟ ಕನಸು. ಐದನೇ ಕ್ಲಾಸಿನ ಮಗುವೊಂದು ಪೆನ್ಸಿಲ್ ಬೀಳಿಸಿದ್ದಕ್ಕೆ ಕೂಗಾಡಿ, ನಾನೇ ಅತ್ತುಬಿಟ್ಟೆ. ಕೋಚ್‌ಗೆ ಮೆಸೇಜ್ ಮಾಡಿದರೆ "ವಿಷ ಹೊರಗೆ ಹೋಗ್ತಿದೆ, ಒಳ್ಳೆಯ ಲಕ್ಷಣ" ಅಂತ ಉತ್ತರ.

ಆ ರಾತ್ರಿ ಅವ್ವನಿಗೆ ಗೊತ್ತಾಗದಂತೆ ಹಿತ್ತಲಲ್ಲಿ ನಿಂತು 14416ಕ್ಕೆ ಫೋನ್ ಮಾಡಿದೆ. ಅದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆ ಕಡೆಯ ಹೆಣ್ಣುಮಗಳು ಕೇಳಿದ ಮೊದಲ ಪ್ರಶ್ನೆ, "ಮಾತ್ರೆ ಯಾಕ್ ಬಿಟ್ರಿ ಅಕ್ಕಾ?" ಬೆಳಿಗ್ಗೆಯೇ ಮನೋವೈದ್ಯರನ್ನು ಕಾಣಲು ಹೇಳಿದಳು.

ಖಾಸಗಿ ಫೀಸಿಗೆ ದುಡ್ಡು ಉಳಿದಿರಲಿಲ್ಲ. ಹಾಗಾಗಿ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋದೆ. ಮೊದಲೇ ಯಾಕೆ ಹೋಗಲಿಲ್ಲ? ಹೆದರಿಕೆ, ಕಣ್ರೀ. ಚೀಟಿ ಮಾಡಿಸುವ ಸಾಲಿನಲ್ಲಿ ಪರಿಚಯದವರು ಸಿಕ್ಕಿ "ಏನ್ ಟೀಚರ್, ಇಲ್ಲಿ?" ಅಂದರೆ ಏನು ಹೇಳುವುದು! ಸಿಕ್ಕರು ಕೂಡ. "ನಿದ್ದೆ ಬರ್ತಿಲ್ರೀ" ಅಂದೆ, "ನನಗೂ ಬರಲ್ಲ" ಅಂದರು, ಅಷ್ಟೇ.

ಡಾಕ್ಟರ್ ಬೈಯಲಿಲ್ಲ. ಈ ಮಾತ್ರೆ ಚಟವಾಗುವಂಥದ್ದಲ್ಲ, ಆದರೆ ದಿಢೀರ್ ನಿಲ್ಲಿಸಿದರೆ ಹೀಗೆಲ್ಲ ಆಗುತ್ತದೆ, ಬಿಡುವ ಕಾಲ ಬಂದಾಗ ನಾನೇ ವಾರಗಟ್ಟಲೆ ಸ್ವಲ್ಪ ಸ್ವಲ್ಪ ಇಳಿಸಿ ಬಿಡಿಸ್ತೀನಿ ಎಂದರು. ಮತ್ತೆ ಶುರು ಮಾಡಿದೆವು. ಆಸ್ಪತ್ರೆಯಲ್ಲಿ ಮಾತ್ರೆಗೆ ದುಡ್ಡಿಲ್ಲ. ಖಾಲಿಯಾದ ದಿನ ಜನೌಷಧಿ ಅಂಗಡಿಯಲ್ಲಿ ತಂದರೂ ಕೈಗೆಟುಕುತ್ತದೆ.

ಸುಳ್ಳು ಹೇಳಲ್ಲ, ಅಲ್ಲಿ ಹಿಂದಿನ ಮೇಡಂ ಥರ ಮುಕ್ಕಾಲು ಗಂಟೆ ಕೂತು ಕೇಳುವವರಿಲ್ಲ. ಸಾಲು ಉದ್ದ, ಸಿಗುವುದು ಹತ್ತು ನಿಮಿಷ. ಈಗ ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡೇ ಹೋಗುತ್ತೇನೆ. ಎರಡು ಮೆಡಿಕಲ್ ಕಾಲೇಜು ಇರುವ ಊರು ನಮ್ಮದು. ಅವುಗಳ ಆಸ್ಪತ್ರೆಗಳ ಮಾನಸಿಕ ವಿಭಾಗದಲ್ಲೂ ವಿಚಾರಿಸಬಹುದು. ಹರಿಹರ, ಜಗಳೂರು, ಚನ್ನಗಿರಿ ಕಡೆಯವರು ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕ್ಲಿನಿಕ್, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಕ್ಲಿನಿಕ್, ಯಾವತ್ತು ಅಂತ ಕೇಳಿ. ಸಾಮಾನ್ಯವಾಗಿ ಮಂಗಳವಾರ ಇರುತ್ತದೆ.

ಹಿಂದಿನ ಮೇಡಂ ಹತ್ತಿರ ಮತ್ತೆ ಹೋಗಿ ಎರಡು ಮಾತು ಕೇಳಿದೆ. ಹತ್ತು ಸೆಷನ್‌ನಲ್ಲಿ ಏನು ಮಾಡಿದೆವು ಅಂತ ಒಂದು ಪುಟ ಬರೆದುಕೊಡಿ ಅಂದೆ, ಕೊಟ್ಟರು. ಜಿಲ್ಲಾ ಆಸ್ಪತ್ರೆಯಲ್ಲಿ ಅಪ್ಪನ ಸಾವಿನಿಂದ ಮತ್ತೆ ಶುರು ಮಾಡುವುದು ತಪ್ಪಿತು. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ನಮ್ಮ ಚಿಕಿತ್ಸೆಯ ದಾಖಲೆ ಕೇಳುವ ಹಕ್ಕೇ ಇದೆ, ಸಂಕೋಚ ಬೇಡ. ಇನ್ನೊಂದು, ವಾರಕ್ಕೊಂದರ ಬದಲು ತಿಂಗಳಿಗೊಂದು ಬರಲಾ, ಸ್ವಲ್ಪ ಕಡಿಮೆ ಮಾಡ್ತೀರಾ ಅಂದೆ. "ಮೊದಲೇ ಕೇಳಬಾರದಿತ್ತಾ?" ಅಂದರು. ಈಗ ತಿಂಗಳಿಗೆ ಒಂದು, 500 ರೂಪಾಯಿ.

ಕೋಚ್‌ಗೆ ಕೊನೆಗೆ ಓದಿನ ಬಗ್ಗೆ ಕೇಳಿದೆ. ಬಣ್ಣಬಣ್ಣದ ಸರ್ಟಿಫಿಕೇಟ್ ಬಂತು, ಮೂರು ದಿನದ ಕೋರ್ಸಿನದು. ಕ್ಲಿನಿಕಲ್ ಸೈಕಾಲಜಿಸ್ಟ್ ಆದವರಿಗೆ ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ) ಅಥವಾ ಎಂಎಸ್ಸಿ ಸೈಕಾಲಜಿ ಓದಿದ ಒಳ್ಳೆಯ ಕೌನ್ಸೆಲರ್‌ಗಳಿಗೆ ಆ ಸಂಖ್ಯೆ ಇಲ್ಲದಿರಬಹುದು, ಅದು ತಪ್ಪಲ್ಲ. ಎಲ್ಲಿ ಓದಿದಿರಿ ಅಂದರೆ ಅವರು ಹೇಳುತ್ತಾರೆ. ಮಾತ್ರೆ ಬಿಡಿ ಎಂದು ಮಾತ್ರ ಹೇಳಲ್ಲ, ಅದು ಡಾಕ್ಟರ ಕೆಲಸ.

ದುಡ್ಡು ವಾಪಸ್ ಬರಲಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ರಸೀದಿ ಕೇಳಿದರು, ನನ್ನ ಹತ್ತಿರ ಫೋನ್‌ಪೇ ಸ್ಕ್ರೀನ್‌ಶಾಟ್ ಬಿಟ್ಟು ಏನಿದೆ?

ನಿನ್ನೆ ಅದೇ ಕೋಚ್‌ನಿಂದ ಬೇರೆ ನಂಬರಿನಿಂದ ಮೆಸೇಜ್ ಬಂತು. "ಹಬ್ಬದ ಆಫರ್, 12 ಕೊಂಡರೆ 2 ಉಚಿತ." ನನ್ನ ಹಳೆಯ ಹತ್ತು ಇನ್ನೂ ಬಾಕಿ ಇವೆ ಸರ್ ಅಂತ ಬರೆದೆ. ನೀಲಿ ಟಿಕ್ ಬಂತು, ಉತ್ತರ ಬಂದಿಲ್ಲ.