ನಮ್ಮ ಕ್ರಾಸಿನ ನಾಲ್ಕು ಸಿಸಿ ಕ್ಯಾಮೆರಾ: ಮೈಸೂರಿನ ರಾಮಕೃಷ್ಣನಗರದಿಂದ ಬಹುದಿನಗಳ ಬಳಕೆಯ ಅನುಭವ

ಐದಕ್ಕೆ ಮೂರೂವರೆ ನಕ್ಷತ್ರ. ಇದು ಸೆಟ್‌ಗೆ ಮಾತ್ರ. ತಂದು ಕೂರಿಸಿದವರ ಸರ್ವೀಸಿಗೂ ಕೊಡಬೇಕೆಂದರೆ ಎರಡರ ಮೇಲೆ ಹೋಗುವುದಿಲ್ಲ.

2021ರ ದಸರೆಗೆ ಮುಂಚೆ ನಮ್ಮ ಕ್ರಾಸಿನವರೆಲ್ಲ ಚಂದಾ ಹಾಕಿ ಇದನ್ನು ತೆಗೆದುಕೊಂಡೆವು. ತಲಾ 2 ಮೆಗಾಪಿಕ್ಸೆಲ್‌ನ ನಾಲ್ಕು ಬುಲೆಟ್ ಕ್ಯಾಮೆರಾ, ಅವುಗಳ ಚಿತ್ರ ರೆಕಾರ್ಡ್ ಮಾಡುವ ಒಂದು ಡಿವಿಆರ್ ಪೆಟ್ಟಿಗೆ, 1 ಟಿಬಿ ಹಾರ್ಡ್ ಡಿಸ್ಕ್. ದಸರೆಗೆ ಊರೂರಿನವರು ಮೈಸೂರಿಗೆ ಬಂದರೆ, ಮೈಸೂರಿನವರು ಮಕ್ಕಳಿಗೆ ರಜೆ ಅಂತ ಬೀಗ ಹಾಕಿಕೊಂಡು ಹೊರಡುತ್ತಾರೆ. ಬೀಗ ಹಾಕಿದ ಮನೆಯ ಭಯವೇ ಚಂದಾ ಕೊಡಿಸಿದ್ದು. ಮೂಲೆಮನೆ ನಮ್ಮದಾದ್ದರಿಂದ ಡಿವಿಆರ್ ನಮ್ಮ ಹಾಲ್‌ನ ಷೋಕೇಸಿಗೆ ಬಂತು, ಅದರ ಉಸ್ತುವಾರಿ ನನ್ನ ಕೊರಳಿಗೆ ಬಿತ್ತು. ಬ್ರ್ಯಾಂಡ್ ಹೆಸರು ಬೇಕೆಂದೇ ಬರೆಯುತ್ತಿಲ್ಲ. ಈ ಬೆಲೆಯಲ್ಲಿ ಸಿಗುವ ಸೆಟ್‌ಗಳ ಗುಣದೋಷ ಹೆಚ್ಚೂಕಮ್ಮಿ ಒಂದೇ.

ಹಗಲಿನ ಚಿತ್ರಕ್ಕೆ ಹೆಸರಿಡುವ ಹಾಗಿಲ್ಲ. ಬೆಳಿಗ್ಗೆ ಐದೂವರೆಗೆ ಪಕ್ಕದ ಮನೆಯ ಕಾಂಪೌಂಡಿನೊಳಕ್ಕೆ ಕೈಹಾಕಿ ದಾಸವಾಳ, ಕಣಗಿಲೆ ಕೀಳುವವರು ಯಾರು ಅಂತ ಮೊದಲ ವಾರದಲ್ಲೇ ಗೊತ್ತಾಗಿಹೋಯಿತು. ಹಿಂದಿನ ಮೇನ್ ರೋಡಿನ ಹಿರಿಯರು, ಮಂಕಿ ಕ್ಯಾಪು, ಕೈಯಲ್ಲಿ ಪ್ಲಾಸ್ಟಿಕ್ ಕವರು, ಕೊಂಬೆ ಬಗ್ಗಿಸಲು ಕೊಡೆಯ ಹಿಡಿ. ಆ ವಿಡಿಯೊ ವಾಟ್ಸಾಪ್ ಗುಂಪಿಗೆ ಬಿದ್ದು ಆದ ರಾದ್ಧಾಂತ ನೋಡಿದ ಮೇಲೆ ಒಂದು ಕಟ್ಟುಪಾಡು ಮಾಡಿಕೊಂಡೆವು: ಪೊಲೀಸರು ಕೇಳಿದರೆ, ಇಲ್ಲವೇ ತಮ್ಮದೇ ವಸ್ತು ಕಳೆದುಕೊಂಡವರು ಬಂದರೆ ಮಾತ್ರ ತೋರಿಸುವುದು. ನೋಟ್‌ಬುಕ್ಕಿನಲ್ಲಿ ಹೆಸರು, ತಾರೀಖು, ಕಾರಣ ಬರೆದು ಸಹಿ ಹಾಕಬೇಕು. "ನಮ್ಮ ಹುಡುಗ ರಾತ್ರಿ ಎಷ್ಟೊತ್ತಿಗೆ ಬಂದ ನೋಡಿ ಹೇಳಿ ಸಾರ್" ಅಂತ ಬಂದವರನ್ನೂ ಕಾಫಿ ಕೊಟ್ಟು ಕಳಿಸಿದ್ದೇನೆ. ಎದುರು ಸಾಲಿನ ಒಂದು ಮನೆಯ ಟೆರೇಸು, ಬಟ್ಟೆ ಒಣಹಾಕುವ ಜಾಗ ಸಮೇತ, ಮೂರನೇ ಕ್ಯಾಮೆರಾದಲ್ಲಿ ಕಾಣುತ್ತಿತ್ತು. ಡಿವಿಆರ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಮಾಸ್ಕ್ ಅಂತ ಇದೆ, ಅದರಲ್ಲಿ ಆ ಭಾಗಕ್ಕೆ ಕಪ್ಪು ಚೌಕ ಎಳೆದೆ. ಇಂಥದ್ದೊಂದು ಇದೆ ಎಂದು ಹಾಕಿಸಿಕೊಟ್ಟವರು ಬಾಯಿಬಿಟ್ಟಿರಲಿಲ್ಲ.

ತೊಡಕಿರುವುದು ರಾತ್ರಿಯಲ್ಲಿ. ಕತ್ತಲಲ್ಲಿ ಕಾಣಲೆಂದು ಕ್ಯಾಮೆರಾದ ಸುತ್ತ ಇರುವ ಇನ್‌ಫ್ರಾರೆಡ್ (ಐಆರ್) ಎಲ್‌ಇಡಿ ದೀಪಗಳಿಗೆ ಹುಳ ಮುತ್ತುತ್ತವೆ, ಹುಳ ತಿನ್ನಲು ಜೇಡ ಬಂದು ಲೆನ್ಸಿಗೇ ಬಲೆ ಕಟ್ಟುತ್ತದೆ. ಗಾಳಿಗೆ ಬಲೆ ಅಲ್ಲಾಡಿದಾಗಲೆಲ್ಲ ಮೊಬೈಲ್‌ನಲ್ಲಿ 'ಚಲನೆ ಕಂಡಿದೆ' ಅಂತ ಟಣ್ ಟಣ್. ಕೊನೆಗೆ ಅಲರ್ಟನ್ನೇ ಬಂದ್ ಮಾಡಿ, ಉದ್ದ ಕೋಲಿಗೆ ಬಟ್ಟೆ ಸುತ್ತಿ ಆಗಾಗ ಒರೆಸುವ ಪದ್ಧತಿ ಇಟ್ಟುಕೊಂಡೆ.

ಎರಡನೆಯದು ನಂಬರ್ ಪ್ಲೇಟು. ಪ್ರತಿಫಲಿಸುವ ಪ್ಲೇಟಿನ ಮೇಲೆ ಕ್ಯಾಮೆರಾದ ಐಆರ್ ಬೆಳಕು ನೇರ ಬಿದ್ದರೆ ಅದು ಬೆಳ್ಳಗೆ ಉರಿಯುವ ಪಟ್ಟಿಯಾಗಿ ಕಾಣುತ್ತದೆ, ಅಕ್ಷರ ಒಂದೂ ಮೂಡುವುದಿಲ್ಲ. ಹೆಡ್‌ಲೈಟ್ ಎದುರಿಗಿದ್ದರಂತೂ ಮುಗಿಯಿತು. ನಾಲ್ಕಕ್ಕೂ 2.8 ಎಂಎಂ ಲೆನ್ಸ್ ಹಾಕಿದ್ದಾರೆ. ರಸ್ತೆಯ ಈ ತುದಿಯಿಂದ ಆ ತುದಿ ಕಾಣುತ್ತದೆ, ಆದರೆ ಬೈಕು ಹೆಬ್ಬೆರಳಿನಷ್ಟೇ. ನಂಬರ್ ಬೇಕಿದ್ದರೆ ಒಂದಕ್ಕಾದರೂ ದೂರದ್ದನ್ನು ದೊಡ್ಡದಾಗಿ ತೋರಿಸುವ 6 ಎಂಎಂ ಲೆನ್ಸ್ ಹಾಕಿಸಿ, ಕ್ರಾಸಿನ ತಿರುವಿಗೆ, ಗಾಡಿ ಸ್ಲೋ ಆಗುವ ಜಾಗಕ್ಕೆ ಗುರಿ ಇಡಬೇಕು. ಎತ್ತರದ ಸಜ್ಜಾಕ್ಕೆ ಕಟ್ಟಿದರೆ ಕಾಣುವುದು ಹೆಲ್ಮೆಟ್ಟಿನ ನೆತ್ತಿ ಮಾತ್ರ.

ಇದೆಲ್ಲ ಬಯಲಾದದ್ದು 2024ರ ಮಳೆಗಾಲ ಕಳೆದ ಮೇಲೆ. ಸಂಜೆ ವಾಕಿಂಗ್ ಮುಗಿಸಿ ಬರುತ್ತಿದ್ದ ಎದುರುಮನೆ ಅಜ್ಜಿಯ ಸರಕ್ಕೆ ಬೈಕಿನಲ್ಲಿ ಬಂದ ಇಬ್ಬರು ಕೈಹಾಕಿದರು. ಠಾಣೆಯಿಂದ ಬಂದ ಕಾನ್‌ಸ್ಟೆಬಲ್ ಮಾನಿಟರ್ ಮುಂದೆ ಕೂತವರೇ ಮೊದಲು ನೋಡಿದ್ದು ಕಳ್ಳರನ್ನಲ್ಲ, ಮೂಲೆಯಲ್ಲಿದ್ದ ಗಡಿಯಾರವನ್ನು. ತಮ್ಮ ಮೊಬೈಲನ್ನು ಪಕ್ಕಕ್ಕೆ ಹಿಡಿದು, "ಸಾರ್, ನಿಮ್ಮ ಮಿಷನ್ನು ಹನ್ನೊಂದು ನಿಮಿಷ ಹಿಂದಿದೆ" ಅಂದರು. ಡೈರಿಯಲ್ಲಿ ಆ ಹನ್ನೊಂದನ್ನೂ ಬರೆದುಕೊಂಡರು. ಆಮೇಲೆ ಅವರು ಬೇಕರಿಯ ಕ್ಯಾಮೆರಾ, ಅದರಾಚೆಯ ಮೆಡಿಕಲ್ ಶಾಪಿನದು, ರಿಂಗ್ ರೋಡ್ ಕಡೆಯ ಪೆಟ್ರೋಲ್ ಬಂಕಿನದು ಅಂತ ಒಂದೊಂದೇ ಹಿಡಿದು ನಡೆದರು. ಇಲ್ಲಿ ದಾಟಿದ ಬೈಕು ಅಲ್ಲಿ ಎಷ್ಟೊತ್ತಿಗೆ ಕಂಡಿತು ಎಂಬ ಲೆಕ್ಕದಲ್ಲೇ ದಾರಿ ಸಿಗುವುದು. ನಂಬರ್ ಸಿಕ್ಕಿದ್ದು ಬಂಕಿನಲ್ಲಿ. ನಮ್ಮದರಿಂದ ಸಿಕ್ಕಿದ್ದು ಕಳ್ಳರು ಎಡಕ್ಕೆ ತಿರುಗಿದರು ಎಂಬುದಷ್ಟೇ, ಆದರೆ ಅದಿಲ್ಲದಿದ್ದರೆ ಪೊಲೀಸರು ಬಲಗಡೆಯ ರಸ್ತೆಗಳನ್ನೂ ಸುತ್ತಬೇಕಿತ್ತು. ಬಿಡಿ ಕ್ಯಾಮೆರಾಕ್ಕಿಂತ ಸಾಲು ಕ್ಯಾಮೆರಾಕ್ಕೆ ಬೆಲೆ ಎನ್ನುವುದು ನನಗೆ ಅರ್ಥವಾಗಿದ್ದು ಆವತ್ತು.

ಗಡಿಯಾರ ಹಿಂದೆ ಬಿದ್ದದ್ದಕ್ಕೆ ಕಾರಣ, ಡಿವಿಆರ್ ಒಳಗಿನ ಬಟನ್ ಸೆಲ್ ಸತ್ತಿತ್ತು. ಕರೆಂಟ್ ಹೋಗಿ ಬಂದಾಗಲೆಲ್ಲ ಸಮಯ ತಪ್ಪುತ್ತಿತ್ತು. ಸೆಲ್ ಬದಲಿಸಿ, ಇಂಟರ್‌ನೆಟ್‌ನಿಂದ ತಾನಾಗಿ ಸಮಯ ಸರಿಪಡಿಸಿಕೊಳ್ಳುವ ಎನ್‌ಟಿಪಿ ಆನ್ ಮಾಡಿ, ಒಂದು ಸಣ್ಣ ಯುಪಿಎಸ್ ಕೊಟ್ಟ ಮೇಲೆ ಈ ತಾಪತ್ರಯ ಇಲ್ಲ. ವರ್ಷಕ್ಕೆ ಇಂತಿಷ್ಟು ಅಂತ ಸರ್ವೀಸಿಗೆ ದುಡ್ಡು ತೆಗೆದುಕೊಳ್ಳುತ್ತಿದ್ದವರು ಬಂದಾಗಲೆಲ್ಲ ಗ್ಲಾಸು ಒರೆಸಿ, ರಸೀದಿಗೆ ಸಹಿ ಮಾಡಿಸಿಕೊಂಡು ಹೋದರೇ ಹೊರತು ಗಡಿಯಾರದ ಕಡೆ ಕಣ್ಣೆತ್ತಿ ನೋಡಿರಲಿಲ್ಲ. ಎರಡು ನಕ್ಷತ್ರ ಅಂದದ್ದು ಇದಕ್ಕೇ.

ಫುಟೇಜನ್ನು ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟರೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. 2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಅದರ 63ನೇ ಕಲಮಿನ ಪ್ರಕಾರ ಇಂಥ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು. ಮೊದಲ ಭಾಗವನ್ನು ದಾಖಲೆ ಕೊಡುವವರು ತುಂಬಬೇಕು, ಎರಡನೆಯದನ್ನು ತಜ್ಞರು. ಫೈಲಿನ ಹ್ಯಾಶ್ ಮೌಲ್ಯವನ್ನೂ (ಫೈಲಿನಿಂದಲೇ ಲೆಕ್ಕಹಾಕಿ ತೆಗೆಯುವ, ಬೆರಳಚ್ಚಿನಂಥ ಸಂಕೇತ) ಬರೆಯಬೇಕು, ಆಮೇಲೆ ಯಾರಾದರೂ ತಿದ್ದಿದ್ದರೆ ಅದರಿಂದ ಗೊತ್ತಾಗುತ್ತದೆ. ಹಾಗಾಗಿ ಟಿವಿ ಪರದೆಯನ್ನು ಮೊಬೈಲಿನಲ್ಲಿ ಶೂಟ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸುವುದು ಸುಳಿವಿಗೆ ಆದೀತು, ಕೋರ್ಟಿಗೆ ಮೂಲ ಫೈಲೇ ಬೇಕು.

ಹಾರ್ಡ್ ಡಿಸ್ಕಿನ ವಿಚಾರಕ್ಕೆ ಬಂದರೆ, ಒಂದೊಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ (2 ಎಂಬಿಪಿಎಸ್) ಹಗಲೂ ರಾತ್ರಿ ರೆಕಾರ್ಡ್ ಮಾಡಿದರೆ ನಾಲ್ಕೂ ಸೇರಿ ದಿನಕ್ಕೆ ಸುಮಾರು 86 ಜಿಬಿ. ಅಂದರೆ 1 ಟಿಬಿ ಡಿಸ್ಕು ಹನ್ನೊಂದು ದಿನದಲ್ಲಿ ತುಂಬಿ, ಹಳೆಯದರ ಮೇಲೆಯೇ ಹೊಸದು ಬರೆದುಕೊಳ್ಳಲು ಶುರು. ಮಗಳ ಬಾಣಂತನಕ್ಕೆ ಅಂತ ತಿಂಗಳುಗಟ್ಟಲೆ ಹೋದವರ ಮನೆಗೆ ಮೊದಲ ದಿನವೇ ಕಳ್ಳ ನುಗ್ಗಿದ್ದರೆ, ಅವರು ಬರುವಷ್ಟರಲ್ಲಿ ಪುರಾವೆ ಮಂಗಮಾಯ. ಈಗ 4 ಟಿಬಿಯ ಸರ್ವೇಲೆನ್ಸ್ ಡಿಸ್ಕ್ ಹಾಕಿಸಿದ್ದೇವೆ. ಕಂಪ್ಯೂಟರಿನ ಮಾಮೂಲಿ ಡಿಸ್ಕ್ ಹಾಕಿಸಬೇಡಿ, ಹಗಲೂ ರಾತ್ರಿ ಬರೆಯುವ ಕೆಲಸಕ್ಕೆ ಅದು ಮಾಡಿದ್ದಲ್ಲ.

ಚಿರತೆಯ ಸಂಗತಿ ಹೇಳದಿದ್ದರೆ ಮೈಸೂರಿನ ಕ್ಯಾಮೆರಾ ಕಥೆ ಪೂರ್ತಿಯಾಗದು. 2024ರ ಡಿಸೆಂಬರ್ 31ರ ನಸುಕಿನಲ್ಲಿ ಇನ್ಫೋಸಿಸ್ ಆವರಣದ ಸಿಸಿ ಕ್ಯಾಮೆರಾದಲ್ಲಿ ಚಿರತೆ ಕಂಡು, ನೌಕರರಿಗೆ ಮನೆಯಿಂದಲೇ ಕೆಲಸ ಮಾಡಲು ಹೇಳಿದರಲ್ಲ, ಅವತ್ತಿನಿಂದ ಬಹಳ ದಿನ ನನಗೆ ಬೆಳಗಾಗುತ್ತಿದ್ದದ್ದೇ "ನಿನ್ನೆ ರಾತ್ರಿದು ಸ್ವಲ್ಪ ನೋಡಿ ಸಾರ್" ಎಂಬ ಫೋನಿನಿಂದ. ನೋಡಿದೆ. ನಮ್ಮ ಬೀದಿಯ ಕಂದು ನಾಯಿ ಐಆರ್ ಬೆಳಕಿನಲ್ಲಿ ನಿಜಕ್ಕೂ ಭಯ ಹುಟ್ಟಿಸುವಂತೆ ಕಾಣುತ್ತದೆ.

ಈಗ ಕೊಳ್ಳುವವರಿಗೆ: 2025ರ ಏಪ್ರಿಲ್‌ನಿಂದ ಸಿಸಿ ಕ್ಯಾಮೆರಾಗಳಿಗೆ ಸರ್ಕಾರದ ಹೊಸ ಭದ್ರತಾ ನಿಯಮ ಜಾರಿಯಲ್ಲಿದೆ. ಎಸ್‌ಟಿಕ್ಯೂಸಿ (ಕೇಂದ್ರ ಸರ್ಕಾರದ ಗುಣಮಟ್ಟ ಪರೀಕ್ಷಾ ಸಂಸ್ಥೆ) ಪರೀಕ್ಷೆ ಆಗಿರುವ ಮಾಡೆಲ್ಲೇ ಎಂದು ಅಂಗಡಿಯವರನ್ನು ಕೇಳಿ, ಬಿಲ್ಲಿನಲ್ಲಿ ಮಾಡೆಲ್ ನಂಬರ್ ಬರೆಸಿ. ಪಾಸ್‌ವರ್ಡನ್ನು ಅವರ ಮುಂದೆ ಇಡಬೇಡಿ, ಅವರು ಗೇಟು ದಾಟಿದ ಮೇಲೆ ನೀವೇ ಬದಲಿಸಿ. ನಮ್ಮದು ಅಡ್ಮಿನ್, ಒಂದು ಎರಡು ಮೂರು ನಾಲ್ಕು ಅಂತಲೇ ಬಂದಿತ್ತು.

ಕಳ್ಳತನ ನಿಂತಿತೇ ಅಂತ ಕೇಳುವವರಿಗೆ ಹೇಳುವುದಿಷ್ಟು. ಸರಗಳ್ಳರು ನಾಲ್ಕೂ ಕ್ಯಾಮೆರಾದ ಕೆಳಗೇ ಬಂದು ಹೋದರು. ಕ್ರಾಸಿನ ಕೊನೆಯಲ್ಲಿ ಕೆಟ್ಟು ನಿಂತಿದ್ದ ಬೀದಿದೀಪ ಸರಿಯಾದ ಮೇಲೆ ಅಲ್ಲಿ ರಾತ್ರಿ ಹೊತ್ತು ಬೈಕ್ ನಿಲ್ಲಿಸಿಕೊಂಡು ಕುಡಿಯುವುದು ನಿಂತಿತು; ಅದಕ್ಕೆ ಮುಂಚೆ ಕ್ಯಾಮೆರಾ ಅವರನ್ನು ದಿನವೂ ರೆಕಾರ್ಡ್ ಮಾಡಿಕೊಳ್ಳುತ್ತಲೇ ಇತ್ತು. ಊರಿಗೆ ಹೋಗುವವರು ಈಗಲೂ ಠಾಣೆಗೆ ತಿಳಿಸಿ, ನಮ್ಮನೆಯಲ್ಲೊಂದು ಫೋನ್ ನಂಬರ್ ಕೊಟ್ಟು ಹೋಗುತ್ತಾರೆ. ಅನುಮಾನ ಬಂದರೆ ಮೊದಲು 112, ಆಮೇಲೆ ಡಿವಿಆರ್.

ತಿರುವಿಗೆ 6 ಎಂಎಂ ಕ್ಯಾಮೆರಾ ಹಾಕಿಸಲು ಮತ್ತೆ ಚಂದಾ ಎತ್ತುತ್ತಿದ್ದೇವೆ. ಮೂರು ಮನೆಯವರು ಇನ್ನೂ "ಕೊಡೋಣ ಬಿಡಿ ಸಾರ್" ಅನ್ನುತ್ತಿದ್ದಾರೆ. ಅದು ಬಂದು, ಒಂದು ಮಳೆಗಾಲ ಕಂಡ ಮೇಲೆ ರಾತ್ರಿ ನಂಬರ್ ಪ್ಲೇಟು ಓದಲು ಬರುತ್ತದೋ ಇಲ್ಲವೋ ಇಲ್ಲೇ ಬರೆಯುತ್ತೇನೆ.