ಮೇಸಿ ಡಾಬ್ಸ್: ಅರ್ಧ ಹೆಸರಿನ ಗೋರಿಕಲ್ಲುಗಳು

ಇಪ್ಪತ್ತನೆಯ ಶತಮಾನದ ಆರಂಭದ ಬ್ರಿಟನ್ನಿನಲ್ಲಿ ನಡೆಯುವ ಕೊಲೆಯ ಕಥೆ ಎಂದಕೂಡಲೇ ಹಳ್ಳಿಯ ದೊಡ್ಡ ಬಂಗಲೆ, ಓದುಕೋಣೆಯ ನೆಲಗಂಬಳಿಯ ಮೇಲೆ ಬಿದ್ದಿರುವ ಹೆಣ, ಕೊನೆಯ ಅಧ್ಯಾಯದಲ್ಲಿ ಎಲ್ಲರನ್ನೂ ಒಂದೆಡೆ ಕೂರಿಸಿ ಗುಟ್ಟು ಬಿಡಿಸುವ ಪತ್ತೇದಾರ, ಇಷ್ಟನ್ನು ನಿರೀಕ್ಷಿಸುವ ಓದುಗರೇ ಹೆಚ್ಚು. ಅಂಥವರು ಜಾಕ್ವೆಲಿನ್ ವಿನ್‌ಸ್ಪಿಯರ್ ಅವರ ‘ಮೇಸಿ ಡಾಬ್ಸ್’ ಕಾದಂಬರಿಯನ್ನು ಕೊಳ್ಳುವ ಮೊದಲು ಸ್ವಲ್ಪ ಯೋಚಿಸುವುದು ಒಳ್ಳೆಯದು. 2003ರಲ್ಲಿ ಪ್ರಕಟವಾದ, ಸುಮಾರು ಮುನ್ನೂರು ಪುಟಗಳ ಈ ಪುಸ್ತಕದಲ್ಲಿ ಬಹಳ ಹೊತ್ತಿನವರೆಗೆ ಕೊಲೆಯ ಸುದ್ದಿಯೇ ಇಲ್ಲ. ಹೆಂಡತಿಯ ನಡತೆಯ ಮೇಲೆ ಅನುಮಾನಪಟ್ಟ ಗಂಡನೊಬ್ಬ ಬಂದು ಆಕೆಯ ಬೆನ್ನುಹತ್ತುವಂತೆ ಕೇಳಿಕೊಳ್ಳುವುದರಿಂದ ಕಥೆ ಶುರುವಾಗುತ್ತದೆ. ಪತ್ತೇದಾರಿ ಎಂಬ ದೃಷ್ಟಿಯಿಂದ ಇದಕ್ಕಿಂತ ಸಪ್ಪೆಯಾದ ಆರಂಭವನ್ನು ಕಲ್ಪಿಸುವುದು ಕಷ್ಟ.

ಕಾಲ 1929ರ ವಸಂತ. ಲಂಡನ್ನಿನ ವಾರೆನ್ ಸ್ಟ್ರೀಟ್ ಸುರಂಗ ರೈಲು ನಿಲ್ದಾಣದ ಸಮೀಪ ಮೇಸಿ ಡಾಬ್ಸ್ ಎಂಬ ಯುವತಿ ತನ್ನದೇ ತನಿಖಾ ಕಚೇರಿಯನ್ನು ತೆರೆದಿದ್ದಾಳೆ. ಮೊದಲ ಗಿರಾಕಿ ಕ್ರಿಸ್ಟೋಫರ್ ಡೇವನಮ್. ಆತನ ಹೆಂಡತಿ ಸೀಲಿಯಾ. ಸೀಲಿಯಾಳನ್ನು ಹಿಂಬಾಲಿಸುವ ಅಧ್ಯಾಯದಲ್ಲಿ ಲೇಖಕಿಯ ಕಸುಬುಗಾರಿಕೆ ಚೆನ್ನಾಗಿ ಕಾಣುತ್ತದೆ. ಮೇಸಿ ಆಕೆಯ ಹಿಂದೆ ನಡೆಯುವುದಷ್ಟೇ ಅಲ್ಲ, ಆಕೆಯ ಭುಜದ ಬಾಗು, ತಲೆಯ ವಾಲಿಕೆ, ಹೆಜ್ಜೆಯ ಗತಿ ಎಲ್ಲವನ್ನೂ ತನ್ನ ಮೈಗೆ ತಂದುಕೊಳ್ಳುತ್ತಾಳೆ. ಹಾಗೆ ನಡೆಯುತ್ತ ನಡೆಯುತ್ತ ಆ ದೇಹದಲ್ಲಿರುವ ದುಃಖ ಯಾವ ಬಗೆಯದೆಂದು ಗುರುತಿಸುತ್ತಾಳೆ. ದಾರಿ ಕೊನೆಗೆ ಕೆಂಟ್ ಸೀಮೆಯ ಒಂದು ಸ್ಮಶಾನದಲ್ಲಿ ಮುಗಿಯುತ್ತದೆ. ಸೀಲಿಯಾ ಹೋಗಿ ನಿಲ್ಲುವುದು ಪ್ರಿಯಕರನ ಬಳಿಯಲ್ಲ, ‘ವಿನ್ಸೆಂಟ್’ ಎಂಬ ಒಂದೇ ಪದ ಕೆತ್ತಿರುವ ಸಮಾಧಿಯ ಬಳಿ. ಮನೆತನದ ಹೆಸರಿಲ್ಲ. ಅದೇ ಸ್ಮಶಾನದಲ್ಲಿ ಹಾಗೆಯೇ ಅರ್ಧ ಹೆಸರಿನ ಇನ್ನೂ ಕೆಲವು ಕಲ್ಲುಗಳಿವೆ.

ಗಂಡನ ಅನುಮಾನಕ್ಕೆ ಉತ್ತರ ಸಿಕ್ಕಿತು, ಶುಲ್ಕ ಪಡೆದು ಕಡತ ಮುಚ್ಚಬಹುದಿತ್ತು. ಆದರೆ ಮನೆತನದ ಹೆಸರು ಕಳಚಿಟ್ಟು ಸತ್ತವರು ಯಾರು ಎಂಬ ಪ್ರಶ್ನೆ ಮೇಸಿಯನ್ನು ‘ರಿಟ್ರೀಟ್’ ಎಂಬ ತೋಟದ ಮನೆಗೆ ಎಳೆದೊಯ್ಯುತ್ತದೆ. ಮೊದಲ ಮಹಾಯುದ್ಧದಲ್ಲಿ ಮುಖ ವಿಕಾರಗೊಂಡ ಸೈನಿಕರು ಲೋಕದ ಕಣ್ಣಿನಿಂದ ದೂರವಾಗಿ ಬದುಕಲೆಂದು ಮಾಜಿ ಮೇಜರ್ ಒಬ್ಬ ಕಟ್ಟಿದ ನೆಲೆ ಅದು. ಮುಂದಿನದನ್ನು ಹೇಳಿದರೆ ಓದುವ ಸುಖ ಕೆಡುತ್ತದೆ.

ಇಂಥ ನೆಲೆಯೊಂದು ಲೇಖಕಿಯ ಕಲ್ಪನೆಯಾದರೂ ಅದರ ಹಿಂದಿರುವ ಸಂಗತಿಗಳು ಕಲ್ಪನೆಯಲ್ಲ. ಕಂದಕದ ಯುದ್ಧದಲ್ಲಿ ತಲೆಯೆತ್ತಿದವನ ಮುಖಕ್ಕೇ ಗುಂಡು, ಸಿಡಿಚೂರು ಬಡಿಯುತ್ತಿದ್ದವು. ಹೆರಾಲ್ಡ್ ಗಿಲೀಸ್ ಎಂಬ ಶಸ್ತ್ರವೈದ್ಯನ ಒತ್ತಾಯದಿಂದ 1917ರಲ್ಲಿ ಸಿಡ್‌ಕಪ್‌ನಲ್ಲಿ ಕ್ವೀನ್ಸ್ ಆಸ್ಪತ್ರೆ ತೆರೆಯಿತು. ಅಲ್ಲಿ ಐದು ಸಾವಿರಕ್ಕೂ ಹೆಚ್ಚು ಮಂದಿಗೆ ಮುಖವನ್ನು ಮತ್ತೆ ಕಟ್ಟಿಕೊಡುವ ಚಿಕಿತ್ಸೆ ನಡೆಯಿತು. ಆಸ್ಪತ್ರೆಯಿಂದ ಊರಿಗೆ ಹೋಗುವ ರಸ್ತೆಯ ಕೆಲವು ಬೆಂಚುಗಳಿಗೆ ನೀಲಿ ಬಣ್ಣ ಬಳಿದಿದ್ದರು: ಅದರ ಮೇಲೆ ಕುಳಿತವನ ಮುಖ ನೋಡಿ ದಾರಿಹೋಕರು ಬೆಚ್ಚಿಬೀಳದಿರಲೆಂಬ ಮುನ್ಸೂಚನೆ ಅದು. ಶಸ್ತ್ರಚಿಕಿತ್ಸೆಗೂ ಮೀರಿದವರಿಗಾಗಿ ಫ್ರಾನ್ಸಿಸ್ ಡರ್ವೆಂಟ್ ವುಡ್ ಎಂಬ ಶಿಲ್ಪಿ ವಾಂಡ್ಸ್‌ವರ್ತ್‌ನ ಸೇನಾ ಆಸ್ಪತ್ರೆಯಲ್ಲಿ ತೆಳುವಾದ ಲೋಹದ ಮುಖವಾಡಗಳನ್ನು ಮಾಡಿ, ಚರ್ಮದ ಬಣ್ಣಕ್ಕೆ ಹೊಂದುವಂತೆ ಬಳಿದು ಕೊಡುತ್ತಿದ್ದ. ಮುಖವಾಡ ಹಾಕಿಕೊಂಡವನು ನಗಲಾರ, ಅವನಿಗೆ ವಯಸ್ಸಾದರೂ ಮುಖವಾಡಕ್ಕೆ ಆಗುವುದಿಲ್ಲ. ಈ ಹಿನ್ನೆಲೆ ತಿಳಿದು ಓದಿದರೆ, ಕಾದಂಬರಿಯ ಸೈನಿಕರು ತಮ್ಮ ಆಸ್ತಿಯನ್ನೆಲ್ಲ ಬರೆದುಕೊಟ್ಟಾದರೂ ಆ ತೋಟದ ಬೇಲಿಯೊಳಗೆ ಸೇರಲು ಏಕೆ ಹಾತೊರೆಯುತ್ತಾರೆ ಎಂಬುದು ಒಗಟಾಗಿ ಉಳಿಯುವುದಿಲ್ಲ. ಐತಿಹಾಸಿಕ ಪತ್ತೇದಾರಿಗಳಲ್ಲಿ ಸಾಮಾನ್ಯವಾಗಿ ಕಾಲದ ವಿವರವೆಂದರೆ ಟೋಪಿ, ಕಾರು, ಚಹಾದ ಬಟ್ಟಲು, ಅಷ್ಟೇ. ಇಲ್ಲಿ ಕಾಲವೇ ಅಪರಾಧದ ಕಾರಣ. ಈ ಕೊಲೆಗಳನ್ನು ಹತ್ತು ವರ್ಷ ಹಿಂದಕ್ಕೋ ಮುಂದಕ್ಕೋ ಸರಿಸಿದರೆ ಕಥೆ ನಿಲ್ಲುವುದಿಲ್ಲ, ನನ್ನ ಮೆಚ್ಚುಗೆಯೂ ಮುಖ್ಯವಾಗಿ ಇದಕ್ಕೇ.

ಪುಸ್ತಕದ ನಡುಭಾಗ ತನಿಖೆಯನ್ನು ಪೂರ್ತಿ ನಿಲ್ಲಿಸಿ 1910ಕ್ಕೆ ಹಿಂದಿರುಗುತ್ತದೆ. ಲ್ಯಾಂಬೆತ್‌ನ ಬಡ ಬೀದಿಯಲ್ಲಿ ಕುದುರೆಗಾಡಿಯ ಮೇಲೆ ತರಕಾರಿ ಮಾರುವವನ ಮಗಳು, ತಾಯಿ ತೀರಿಕೊಂಡ ಮೇಲೆ ಹದಿಮೂರರ ವಯಸ್ಸಿನಲ್ಲಿ ಬೆಲ್‌ಗ್ರೇವಿಯಾದ ಸಿರಿವಂತರ ಮನೆಗೆಲಸಕ್ಕೆ ಸೇರುತ್ತಾಳೆ. ಮನೆಯೆಲ್ಲ ಮಲಗಿರುವ ಹೊತ್ತಿನಲ್ಲಿ ಎದ್ದು, ಧಣಿಗಳ ಪುಸ್ತಕಕೋಣೆಗೆ ಕದ್ದು ಇಳಿದು ಓದುತ್ತಾಳೆ, ಸಿಕ್ಕಿಬೀಳುತ್ತಾಳೆ. ಶಿಕ್ಷೆಯ ಬದಲು ಅವಳಿಗೆ ಮಾರಿಸ್ ಬ್ಲಾಂಶ್ ಎಂಬ ಗುರು ದೊರೆಯುತ್ತಾನೆ. ಅಲ್ಲಿಂದ ಕೇಂಬ್ರಿಜ್‌ನ ಗರ್ಟನ್ ಕಾಲೇಜು, ಅಷ್ಟರಲ್ಲಿ ಯುದ್ಧ, ವಯಸ್ಸು ಹೆಚ್ಚು ಹೇಳಿ ದಾದಿಯಾಗಿ ಫ್ರಾನ್ಸ್, ಅಲ್ಲಿ ಸೈಮನ್ ಎಂಬ ವೈದ್ಯನ ಪ್ರೀತಿ, ಆಮೇಲೆ ಬಂದೆರಗುವ ಷೆಲ್‌ಗಳು. ರಹಸ್ಯದ ಜಾಡು ಹಿಡಿದು ಬಂದವರಿಗೆ ಈ ನೂರಕ್ಕೂ ಹೆಚ್ಚು ಪುಟಗಳು ಅಡ್ಡಗೋಡೆಯಂತೆ ಕಾಣುವುದು ಸಹಜ. ನನಗಂತೂ ಪುಸ್ತಕದ ಜೀವ ಇಲ್ಲಿಯೇ ಇದೆ ಎನ್ನಿಸಿತು. ವಿನ್‌ಸ್ಪಿಯರ್ ಅವರ ಅಜ್ಜ 1916ರ ಸೋಮ್ ಕದನದಲ್ಲಿ ತೀವ್ರವಾಗಿ ಗಾಯಗೊಂಡು ಬಂದವರು; ಗಾಯಾಳುಗಳ ಡೇರೆಯನ್ನು ವರ್ಣಿಸುವಾಗ ಲೇಖಕಿ ಒಮ್ಮೆಯೂ ಸ್ವರ ಏರಿಸುವುದಿಲ್ಲ.

ಆದರೆ ಈ ಭಾಗದ ಒಂದು ಸಂಗತಿ ನನಗೆ ಒಪ್ಪಿಗೆಯಾಗಲಿಲ್ಲ. ಮನೆಯೊಡತಿ ಲೇಡಿ ರೋವನ್ ಮಹಿಳಾ ಮತದಾನದ ಹೋರಾಟಗಾರ್ತಿ ಎಂಬುದನ್ನು ಒಪ್ಪೋಣ. ಆದರೂ ಕೆಲಸದ ಹುಡುಗಿಗೆ ಅಟ್ಟದ ಕೋಣೆಯಿಂದ ಕೇಂಬ್ರಿಜ್‌ನವರೆಗೆ ಬಾಗಿಲುಗಳು ಇಷ್ಟು ಸಲೀಸಾಗಿ ತೆರೆದುಕೊಳ್ಳುವುದು ನಂಬಲು ಕಷ್ಟ. ಹೆಣ್ಣುಮಕ್ಕಳು ಪಾಠ ಕೇಳಿ ಪರೀಕ್ಷೆ ಬರೆದರೂ ಕೇಂಬ್ರಿಜ್ ಅವರಿಗೆ ಪೂರ್ಣ ಪದವಿ ಕೊಡತೊಡಗಿದ್ದು 1948ರಲ್ಲಿ. ವರ್ಗಭೇದದ ಬಗ್ಗೆ ಇಷ್ಟು ಬರೆಯುವ ಕಾದಂಬರಿಗೆ ಒಬ್ಬನಾದರೂ ಕೆಟ್ಟ ಧಣಿ ಬೇಕಿತ್ತು.

ಪತ್ತೇದಾರಿಯಾಗಿ ನೋಡಿದರೆ ದೌರ್ಬಲ್ಯಗಳು ಇನ್ನೂ ಹೆಚ್ಚು. ಶಂಕಿತರ ಪಟ್ಟಿ ಚಿಕ್ಕದು; ಅನುಭವಿ ಓದುಗ ಅರ್ಧದಾರಿಯಲ್ಲೇ ಬೆರಳು ಮಾಡಬಲ್ಲ. ಮೇಸಿಯ ಅಂತಃಪ್ರಜ್ಞೆ ಎಷ್ಟು ಚುರುಕೆಂದರೆ ಅವಳಿಗೆ ಸಾಕ್ಷ್ಯದ ಅಗತ್ಯವೇ ಬೀಳುವುದಿಲ್ಲ. 1929ರ ಹೊತ್ತಿಗೆ ಸ್ಕಾಟ್ಲೆಂಡ್ ಯಾರ್ಡ್‌ನ ಬೆರಳಚ್ಚು ವಿಭಾಗಕ್ಕೆ 28 ವರ್ಷವಾಗಿತ್ತು, ಬೆರಳಚ್ಚಿನ ಆಧಾರದ ಮೇಲೆ ಡೆಟ್‌ಫರ್ಡ್ ಕೊಲೆಯ ಅಪರಾಧಿಗಳನ್ನು 1905ರಲ್ಲೇ ಗಲ್ಲಿಗೇರಿಸಲಾಗಿತ್ತು. (ಆ ವಿಭಾಗ ನೆಚ್ಚಿಕೊಂಡ ವರ್ಗೀಕರಣ ಪದ್ಧತಿ ಕಲ್ಕತ್ತೆಯಲ್ಲಿ ಎಡ್ವರ್ಡ್ ಹೆನ್ರಿಯ ಕೈಕೆಳಗೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯರ ದುಡಿಮೆಯಿಂದ ರೂಪುಗೊಂಡದ್ದು.) ಕಾದಂಬರಿ ಇದಾವುದನ್ನೂ ಬಳಸಿಕೊಳ್ಳುವುದಿಲ್ಲ. ಕೊನೆಯ ಮುಖಾಮುಖಿಯಂತೂ ತರ್ಕಕ್ಕಿಂತ ನಾಟಕದ ರಂಗಕ್ಕೇ ಹೆಚ್ಚು ಹೊಂದುತ್ತದೆ. ಆದರೂ ಆ ದೃಶ್ಯದ ಹಿಂದಿರುವ ಪ್ರಶ್ನೆ ಗಟ್ಟಿಯಾದದ್ದು: ಯುದ್ಧಭೂಮಿಯಿಂದ ಓಡಿಹೋದವನಿಗೆ ಏನು ಗತಿ? ಪಲಾಯನ, ಹೇಡಿತನ ಮುಂತಾದ ಆರೋಪಗಳ ಮೇಲೆ ಬ್ರಿಟಿಷ್ ಸೇನೆ ಗುಂಡಿಟ್ಟು ಕೊಂದ 306 ಸೈನಿಕರಿಗೆ ಸರ್ಕಾರ ಕ್ಷಮಾದಾನ ಕೊಟ್ಟದ್ದು 2006ರಲ್ಲಿ, ಈ ಪುಸ್ತಕ ಹೊರಬಂದು ಮೂರು ವರ್ಷಗಳಾದ ಮೇಲೆ.

ಮೇಸಿಗಿಂತ ನನಗೆ ಹತ್ತಿರವಾದವನು ಕಟ್ಟಡದ ಮೇಲುಸ್ತುವಾರಿ ನೋಡಿಕೊಳ್ಳುವ ಬಿಲ್ಲಿ ಬೀಲ್. ಅವನ ಕಾಲನ್ನು ಉಳಿಸಿದ ವೈದ್ಯನ ಪಕ್ಕದಲ್ಲಿ ಅಂದು ನಿಂತಿದ್ದ ದಾದಿ ಇವಳೇ ಎಂದು ಅವನು ಗುರುತು ಹಿಡಿಯುತ್ತಾನೆ. ನೋವಿನಿಂದ ರಾತ್ರಿ ನಿದ್ದೆ ಬಾರದೆ ಬೀದಿ ಸುತ್ತುವ ಈ ಮನುಷ್ಯ ಬಾಯಿ ತೆರೆದರೆ ಪುಟಕ್ಕೆ ಲವಲವಿಕೆ ಬರುತ್ತದೆ. ಅವನಾಡುವುದು ಪೂರ್ವ ಲಂಡನ್ನಿನ ಕಾಕ್ನಿ, ‘ಹ’ಕಾರಗಳನ್ನು ನುಂಗುವ ಮಾತು, ಶಾಲೆಯ ಇಂಗ್ಲಿಷ್ ಕಲಿತ ನಮ್ಮಂಥವರು ಮೊದಮೊದಲು ಆ ಸಾಲುಗಳನ್ನು ಗಟ್ಟಿಯಾಗಿ ಓದಿಕೊಂಡರೆ ಅರ್ಥ ಬೇಗ ಹೊಳೆಯುತ್ತದೆ. ಉಳಿದ ಗದ್ಯ ಸರಳ.

ಫ್ರಾನ್ಸಿನ ಅಧ್ಯಾಯಗಳಲ್ಲಿ ಭಾರತೀಯ ಸೈನಿಕರು ಕಾಣುವುದಿಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ಭಾರತದ ಪದಾತಿ ದಳಗಳು 1915ರ ಕೊನೆಗೇ ಆ ರಣರಂಗ ಬಿಟ್ಟು ಮೆಸೊಪೊಟೇಮಿಯಾದತ್ತ ಹೋಗಿದ್ದರಿಂದ, ಆಮೇಲೆ ಅಲ್ಲಿಗೆ ತಲುಪುವ ಮೇಸಿಯ ಕಥೆಯಲ್ಲಿ ಅವರಿಲ್ಲದಿರುವುದು ಲೋಪವೆನಿಸುವುದಿಲ್ಲ. ಭಾರತದ ನಂಟು ಬೇಕೆನ್ನುವವರು 2024ರಲ್ಲಿ ಮುಗಿದ, 18 ಪುಸ್ತಕಗಳ ಈ ಸರಣಿಯಲ್ಲಿ ಹತ್ತನೆಯದಕ್ಕೆ ಹೋಗಬೇಕು. 1933ರ ಲಂಡನ್ನಿನಲ್ಲಿ ಕೊಲೆಯಾದ ಭಾರತೀಯ ಮಹಿಳೆಯೊಬ್ಬಳ ಸುತ್ತ ಅದು ಸುತ್ತುತ್ತದೆ, ಇಲ್ಲಿಂದ ಹೋಗಿ ಕೆಲಸ ಕಳೆದುಕೊಂಡು ಬೀದಿಗೆ ಬಿದ್ದ ಆಯಾಗಳ ಲೋಕವನ್ನೂ ತೋರಿಸುತ್ತದೆ. ನೇರವಾಗಿ ಅದನ್ನೇ ತೆರೆಯಬೇಡಿ. ಸೈಮನ್‌ಗೆ ಏನಾಯಿತು ಎಂಬುದನ್ನು ಮೊದಲ ಪುಸ್ತಕ ತನ್ನ ಕೊನೆಯ ಪುಟಗಳವರೆಗೆ ಬಚ್ಚಿಟ್ಟುಕೊಳ್ಳುತ್ತದೆ, ನಂತರದವು ಅದನ್ನು ಓದುಗನಿಗೆ ತಿಳಿದ ಸಂಗತಿಯೆಂದೇ ಎಣಿಸಿ ಮುಂದುವರಿಯುತ್ತವೆ. ಬಿಗಿಯಾದ ಒಗಟೇ ಮುಖ್ಯ ಎನ್ನುವವರು ಮೊದಲನೆಯದನ್ನು ಪೀಠಿಕೆಯಾಗಿ ಓದಿ ಎರಡನೆಯದನ್ನು ಕೈಗೆತ್ತಿಕೊಳ್ಳಲಿ. ಅಲ್ಲಿ ಕೊಲೆಗಳು ಬೇಗ ಆಗುತ್ತವೆ, ಸುಳಿವುಗಳೂ ಕಣ್ಣೆದುರೇ ಬಿದ್ದಿರುತ್ತವೆ.